ಹುಳಿ ಮೊದಲೋ ಕೊನೆಗೋ: ಮನೆಯಲ್ಲೇ ಮಾಡುವ ಜರ್ಮನ್ ಶರತ್ಕಾಲದ ಊಟ

ನೆಕ್ಕರ್ ಕಣಿವೆ, ಎಸ್ಲಿಂಗೆನ್

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಎರಡನೆಯ ವಾರ ಅಪ್ಪ, ಅಮ್ಮ ಸಾಗರದಿಂದ ನಮ್ಮಲ್ಲಿಗೆ ಬರಲಿದ್ದಾರೆ. ಅವರು ಜರ್ಮನಿಗೆ ಬರುತ್ತಿರುವುದು ಇದೇ ಮೊದಲು. ದಿನವೂ ಅನ್ನ, ಸಾರು ಮಾಡಿ ಬಡಿಸುವುದು ನನಗೆ ಕಷ್ಟವಲ್ಲ. ಆದರೆ ಹನ್ನೊಂದು ವರ್ಷದಿಂದ ನಾನು ಬಾಳುತ್ತಿರುವ ಈ ಸೀಮೆಯವರು ಚಳಿ ಹತ್ತುವ ಹೊತ್ತಿನಲ್ಲಿ ಏನು ಉಣ್ಣುತ್ತಾರೆ ಎಂಬುದನ್ನು ಒಂದು ಭಾನುವಾರವಾದರೂ ನನ್ನ ಕೈಯಾರೆ ಮಾಡಿ ಅವರ ತಟ್ಟೆಗೆ ಹಾಕಬೇಕೆಂಬ ಆಸೆ ನನ್ನದು. ಇಬ್ಬರೂ ಮಾಂಸ ತಿನ್ನುವುದಿಲ್ಲ, ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಆದ್ದರಿಂದ ನಾನು ಈವರೆಗೆ ಕಲಿತದ್ದನ್ನು ಇಲ್ಲಿ ಬರೆದು, ನನಗೆ ಬಗೆಹರಿಯದ ಎರಡು ಸಂಗತಿಗಳನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನಾನಿರುವ ಎಸ್ಲಿಂಗೆನ್ ಕನ್ನಡಿಗರಿಗೆ ತೀರ ಪರಕೀಯವಾದ ಊರಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರತಂದ ಹೆರ್ಮನ್ ಮೋಗ್ಲಿಂಗ್ ತೀರಿಕೊಂಡದ್ದು ಇದೇ ಊರಿನಲ್ಲಿ, 1881ರಲ್ಲಿ. ಅವರು ಹುಟ್ಟಿದ್ದೂ ಇದೇ ವ್ಯುರ್ಟೆಂಬೆರ್ಗ್ ಸೀಮೆಯಲ್ಲಿ. ನಾನು ಮಾಡಬೇಕೆಂದಿರುವುದು ಈ ಸೀಮೆಯ, ಅಂದರೆ ಷ್ವಾಬಿಯಾದ ಊಟ: ಮೊದಲು ಹೊಕ್ಕೈಡೊ ಕುಂಬಳದ ಸೂಪು, ಆಮೇಲೆ ಇಡಿ ಬೇಳೆಯ ಗಟ್ಟಿ ಪಲ್ಯದಂಥ ಲಿನ್ಸೆನ್, ಅದರೊಡನೆ ಮೊಟ್ಟೆ, ಮೈದಾ ಕಲಸಿ ನೀರಿನಲ್ಲಿ ಬೇಯಿಸುವ ಶ್ಯಾವಿಗೆಯಂಥ ಷ್ಪೆಟ್ಸ್ಲೆ, ಪಕ್ಕದಲ್ಲಿ ಕೆಂಪು ಎಲೆಕೋಸು, ಕೊನೆಗೆ ತ್ಸ್ವೆಟ್ಷ್‌ಗೆ ಎಂಬ ಉದ್ದನೆಯ ಪ್ಲಮ್ ಹಣ್ಣಿನ ಕೇಕ್. ಕುಂಬಳದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಹೊಕ್ಕೈಡೊದ ಸಿಪ್ಪೆ ಬೆಂದರೆ ಮೆತ್ತಗಾಗುವುದರಿಂದ ಅದನ್ನು ಹೆರೆಯುವ ಶ್ರಮವಿಲ್ಲ. ಈರುಳ್ಳಿಯೊಡನೆ ಬೆಣ್ಣೆಯಲ್ಲಿ ಬಾಡಿಸಿ, ನೀರು ಹಾಕಿ ಬೇಯಿಸಿ, ಅರೆದು, ಸ್ವಲ್ಪ ಕೆನೆ ಮತ್ತು ಜಾಯಿಕಾಯಿ ಸೇರಿಸಿದರೆ ಮುಗಿಯಿತು.

ನಾನು ಹೆಚ್ಚು ಹೇಳಬೇಕೆಂದಿರುವುದು ಕೋಸು ಮತ್ತು ಬೇಳೆಯ ವಿಷಯವನ್ನು. ಇಲ್ಲಿಗೆ ಬಂದ ಮೊದಲ ವರ್ಷ ಕೆಂಪು ಕೋಸು ತಂದು, ನಮ್ಮ ಪಲ್ಯದ ಹಾಗೆ ಹೆಚ್ಚಿ, ಉಪ್ಪು ನೀರು ಹಾಕಿ ಬೇಯಲು ಇಟ್ಟೆ. ಅರ್ಧ ಗಂಟೆಯಾದರೂ ಬೇಯಲಿಲ್ಲವೆಂದು ಒಂದು ಚಿಟಿಕೆ ಅಡುಗೆ ಸೋಡಾ ಉದುರಿಸಿದೆ. ಮುಚ್ಚಳ ತೆಗೆದಾಗ ಪಾತ್ರೆಯಲ್ಲಿದ್ದುದು ಶಾಯಿ ಚೆಲ್ಲಿದಂಥ ನೀಲಿ, ಅಂಚಿನಲ್ಲಿ ಹಸಿರು. ತಿನ್ನಲಾಗದೆ ಚೆಲ್ಲಿದೆ. ಮರುದಿನ ಪಕ್ಕದ ಮನೆಯ ಅಜ್ಜಿಗೆ ಇದನ್ನು ಹೇಳಿದಾಗ ಅವರು ನನ್ನನ್ನು ತಮ್ಮ ಅಡುಗೆಮನೆಗೆ ಕರೆದು, ಹೆಚ್ಚಿದ ಒಂದು ಹಿಡಿ ಕೋಸನ್ನು ಬಟ್ಟಲಿಗೆ ಹಾಕಿ, ಅದರ ಮೇಲೆ ಒಂದು ಚಮಚ ವಿನೆಗರ್ ಸುರಿದು ಬೆರಳಿನಿಂದ ಹಿಸುಕಿ ತೋರಿಸಿದರು. ನೇರಳೆ ಬಣ್ಣ ಕಣ್ಣೆದುರೇ ದಾಳಿಂಬೆಯ ಕೆಂಪಿಗೆ ತಿರುಗಿತು. ಕೋಸಿನಲ್ಲಿರುವ ಆಂಥೋಸಯಾನಿನ್ ಎಂಬ ವರ್ಣದ್ರವ್ಯ ಹುಳಿಯಲ್ಲಿ ಕೆಂಪಾಗುತ್ತದೆ, ಕ್ಷಾರದಲ್ಲಿ ನೀಲಿಯಾಗುತ್ತದೆ. ಉತ್ತರ ಜರ್ಮನಿಯವರು ಇದೇ ಕೋಸನ್ನು ರೋಟ್‌ಕೋಲ್ ಅಂದರೆ ಕೆಂಪು ಕೋಸು ಎಂದೂ, ಈ ಕಡೆಯವರು ಮತ್ತು ಬವೇರಿಯಾದವರು ಬ್ಲೌಕ್ರೌಟ್ ಅಂದರೆ ನೀಲಿ ಸೊಪ್ಪು ಎಂದೂ ಕರೆಯುವುದರ ಹಿಂದೆ ಈ ಬಣ್ಣದ ಆಟವೇ ಇದೆ ಎಂದು ಅಜ್ಜಿ ಹೇಳಿದರು.

ಆದ್ದರಿಂದ ಕೋಸಿಗೆ ಹುಳಿ ಮೊದಲೇ ಬೀಳಬೇಕು. ಒಂದು ಕಿಲೋ ಕೋಸನ್ನು ಸಣ್ಣಗೆ ಹೆಚ್ಚಿ, ಬೆಣ್ಣೆಯಲ್ಲಿ ಒಂದು ಈರುಳ್ಳಿ ಬಾಡಿಸಿ, ಒಂದು ಚಮಚ ಸಕ್ಕರೆ ಕರಗಿಸಿ, ಕೋಸು ಹಾಕಿದ ಕೂಡಲೇ ನಾಲ್ಕು ದೊಡ್ಡ ಚಮಚ ವಿನೆಗರ್ ಹಾಕುತ್ತೇನೆ. ಎರಡು ಹುಳಿ ಸೇಬು, ನಾಲ್ಕು ಲವಂಗ, ಒಂದು ಬೇ ಎಲೆ, ಐದಾರು ಜುನಿಪರ್ ಕಾಯಿ, ಒಂದು ಲೋಟ ದ್ರಾಕ್ಷಿರಸ. ಸೇಬಿನಲ್ಲಿ ಬೋಸ್ಕೋಪ್ ತಳಿ ಎಲ್ಲಕ್ಕಿಂತ ಚೆನ್ನ. ಹುಳಿ ಬಿದ್ದ ಕೋಸು ಬೇಗ ಮೆತ್ತಗಾಗುವುದಿಲ್ಲ, ಅದಕ್ಕೇ ಸಣ್ಣ ಉರಿಯಲ್ಲಿ ಮುಚ್ಚಿ ಒಂದು ಗಂಟೆಗೂ ಮೇಲೆ ಬೇಯಬೇಕು. ಆ ಕಾರಣದಿಂದಲೇ ಅದು ಮುದ್ದೆಯಾಗದೆ ಎಳೆ ಎಳೆಯಾಗಿ ಉಳಿಯುತ್ತದೆ.

ಬೇಳೆಯದು ಇದಕ್ಕೆ ವಿರುದ್ಧ. ತೊಗರಿಬೇಳೆ ಬೇಯುವ ಮುನ್ನ ಹುಣಸೆಹುಳಿ ಹಾಕಿದರೆ ಬೇಳೆ ಕಲ್ಲಿನ ಹಾಗೆ ಉಳಿಯುತ್ತದೆ ಎಂಬುದನ್ನು ನಮ್ಮ ಮನೆಗಳಲ್ಲಿ ಯಾರೂ ಪುಸ್ತಕದಿಂದ ಕಲಿಯುವುದಿಲ್ಲ. ಷ್ವಾಬಿಯಾದ ಲಿನ್ಸೆನ್‌ಗೂ ಅದೇ ನಿಯಮ. ಮುನ್ನೂರು ಗ್ರಾಂ ಬೇಳೆಯನ್ನು ಉಪ್ಪು, ಹುಳಿ ಎರಡೂ ಇಲ್ಲದೆ ಬೇಯಿಸಿ, ಸಣ್ಣಗೆ ಹೆಚ್ಚಿದ ಕ್ಯಾರೆಟ್, ಲೀಕ್, ಸೆಲೆರಿ ಗೆಡ್ಡೆಗಳನ್ನು ಬೆಣ್ಣೆಯಲ್ಲಿ ಬಾಡಿಸಿ ಸೇರಿಸಬೇಕು. ಬೇರೆ ಬಾಣಲೆಯಲ್ಲಿ ಎರಡು ಚಮಚ ಮೈದಾವನ್ನು ಬೆಣ್ಣೆಯಲ್ಲಿ ಹಸಿವಾಸನೆ ಹೋಗಿ ಹುರಿಗಡಲೆಯ ಘಮ ಬರುವವರೆಗೆ, ಒಳ್ಳೆಯ ಕಂದು ಬಣ್ಣಕ್ಕೆ ಹುರಿದು, ಬೇಳೆ ಬೆಂದ ನೀರಿನಲ್ಲೇ ಕದಡಿ ಹಾಕಿದರೆ ಗಟ್ಟಿಯಾಗುತ್ತದೆ. ಉಪ್ಪು, ಮೆಣಸು, ಕಟ್ಟಕಡೆಗೆ ಎರಡು ಮೂರು ಚಮಚ ವಿನೆಗರ್. ಊಟಕ್ಕೆ ಕುಳಿತ ಮೇಲೂ ವಿನೆಗರ್ ಬಾಟಲಿ ಮೇಜಿನ ಮೇಲೆ ಇರುತ್ತದೆ, ಬೇಕಾದವರು ಮತ್ತೆ ಹಾಕಿಕೊಳ್ಳುತ್ತಾರೆ.

ಒಂದೇ ಬಾಟಲಿಯ ಹುಳಿ ಒಂದು ಪಾತ್ರೆಗೆ ಮೊದಲು, ಇನ್ನೊಂದಕ್ಕೆ ಕೊನೆಗೆ. ಈ ಸೀಮೆಯ ಶರತ್ಕಾಲದ ಅಡುಗೆಯಲ್ಲಿ ನಾನು ಕಲಿತ ಮುಖ್ಯ ವಿಷಯ ಇಷ್ಟೇ. ಇನ್ನು ನನ್ನ ಪ್ರಶ್ನೆಗಳು. ಮೊಟ್ಟೆಯಿಲ್ಲದೆ ಷ್ಪೆಟ್ಸ್ಲೆ ಮಾಡಿದರೆ ಅದು ಷ್ಪೆಟ್ಸ್ಲೆ ಆಗುವುದಿಲ್ಲ, ಅಮ್ಮನಿಗೆ ಅದರ ಬದಲು ಏನು ಮಾಡಲಿ? ಎರಡನೆಯದು, ಅಪ್ಪ ಅಮ್ಮನ ನಾಲಿಗೆಗೆ ಒಗ್ಗಲೆಂದು ಒಗ್ಗರಣೆ, ಖಾರ ಸೇರಿಸಬೇಕೇ? ಬೇಡವೆಂದು ನನ್ನ ಮನಸ್ಸು ಹೇಳುತ್ತದೆ.

ಬಸವನಗುಡಿ ಮನೆ, ಬೆಂಗಳೂರು

ನೆಕ್ಕರ್ ಕಣಿವೆಯವರೇ, ನಮಸ್ಕಾರ. ನನ್ನ ಮಗ ಎರಡು ವರ್ಷ ಸ್ಟುಟ್‌ಗಾರ್ಟ್‌ನಲ್ಲಿ ಓದಿ ಹಿಂದಿರುಗಿದ್ದಾನೆ. ಅಲ್ಲಿನ ವಿದ್ಯಾರ್ಥಿಗಳ ಭೋಜನಶಾಲೆಯಲ್ಲಿ ತಿಂದ ಲಿನ್ಸೆನ್ ಮತ್ತು ಷ್ಪೆಟ್ಸ್ಲೆಯನ್ನು ಈಗಲೂ ನೆನೆಯುತ್ತಾನೆ, ಆದ್ದರಿಂದ ನಿಮ್ಮ ಬರಹವನ್ನು ಎರಡು ಸಲ ಓದಿದೆ. ಇಲ್ಲಿ ಇಡಿ ಚನ್ನಂಗಿ ಸಿಗುತ್ತದೆ, ಅದನ್ನೇ ಬಳಸಬಹುದೇ? ಕುಕ್ಕರಿನಲ್ಲಿ ಎಷ್ಟು ವಿಷಲ್ ಕೂಗಿಸಬೇಕು? ನಮ್ಮ ಮನೆಯಲ್ಲಿ ಮೊಟ್ಟೆಗೆ ಅಡ್ಡಿಯಿಲ್ಲದ್ದರಿಂದ ಷ್ಪೆಟ್ಸ್ಲೆ ಮಾಡುವ ಕ್ರಮವನ್ನೂ ದಯವಿಟ್ಟು ಬರೆಯಿರಿ. ಅದಕ್ಕೆಂದು ಬೇರೆ ಒರಳು ಬೇಕೆಂದು ಮಗ ಹೇಳುತ್ತಾನೆ. ನನ್ನಲ್ಲಿ ಅತ್ತೆಯವರ ಕಾಲದ ಚಕ್ಕುಲಿ ಒರಳು ಇದೆ.

ನೆಕ್ಕರ್ ಕಣಿವೆ, ಎಸ್ಲಿಂಗೆನ್

ಇಡಿ ಚನ್ನಂಗಿ ಧಾರಾಳವಾಗಿ ಆಗುತ್ತದೆ, ಸಿಪ್ಪೆ ಇರುವುದು ಮುಖ್ಯ. ಸಿಪ್ಪೆ ತೆಗೆದ ಕೆಂಪು ಬೇಳೆ ಕರಗಿ ತೊವ್ವೆಯಾಗಿಬಿಡುತ್ತದೆ. ಕುಕ್ಕರನ್ನು ಮಾತ್ರ ದಯವಿಟ್ಟು ಬಿಡಿ. ತೆರೆದ ಪಾತ್ರೆಯಲ್ಲಿ ಅರ್ಧ ಗಂಟೆಯ ಆಸುಪಾಸಿನಲ್ಲಿ ಬೇಯುತ್ತದೆ, ಕಾಳು ಬೆರಳಿಗೆ ಹಿಸುಕಿದರೆ ಹಿಟ್ಟಾಗಬೇಕು, ಕಣ್ಣಿಗೆ ಇಡಿಯಾಗಿಯೇ ಕಾಣಬೇಕು. ಕುಕ್ಕರಿನಲ್ಲಿ ಆ ಹದ ನಮ್ಮ ಕೈಯಲ್ಲಿರುವುದಿಲ್ಲ.

ಇಲ್ಲಿ ನಾನು ಬಳಸುವುದು ಆಲ್ಬ್-ಲೈಸಾ ಎಂಬ, ನಮ್ಮ ದಕ್ಷಿಣಕ್ಕಿರುವ ಷ್ವಾಬಿಯನ್ ಆಲ್ಬ್ ಬೆಟ್ಟಸಾಲಿನ ಬೇಳೆಯನ್ನು. ಅದರ ಕತೆಯನ್ನು ಹೇಳದೆ ಇರಲಾರೆ. ಕಲ್ಲುನೆಲದ ಆ ಬಡ ಹೊಲಗಳಲ್ಲಿ ತಲೆಮಾರುಗಳಿಂದ ಬೇಳೆ ಬೆಳೆಯುತ್ತಿದ್ದರು. ಕಳೆದ ಶತಮಾನದ ನಡುವಿನ ಹೊತ್ತಿಗೆ ಅದು ನಿಂತೇಹೋಯಿತು, ಬಿತ್ತನೆ ಬೀಜವೂ ಉಳಿಯಲಿಲ್ಲ. ಲೌಟರಾಖ್ ಊರಿನ ಒಂದು ರೈತ ಕುಟುಂಬ 1985ರಲ್ಲಿ ಮತ್ತೆ ಬೇಳೆ ಬಿತ್ತಲು ತೊಡಗಿತಾದರೂ ಹಳೆಯ ತಳಿ ಸಿಕ್ಕಿರಲಿಲ್ಲ. 2006ರಲ್ಲಿ ಅದು ಸಿಕ್ಕಿದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿರುವ ವಾವಿಲೋವ್ ಸಂಸ್ಥೆಯ ಬೀಜ ಭಂಡಾರದಲ್ಲಿ. ಬೇಳೆಯ ಗಿಡ ತಾನಾಗಿ ನೆಟ್ಟಗೆ ನಿಲ್ಲದೆ ನೆಲಕ್ಕೆ ಒರಗುವುದರಿಂದ ಅದನ್ನು ಓಟ್ಸ್ ಅಥವಾ ಬಾರ್ಲಿಯೊಡನೆ ಬಿತ್ತುತ್ತಾರೆ, ಬಳ್ಳಿ ಆ ದಂಟನ್ನು ಹಿಡಿದು ನಿಲ್ಲುತ್ತದೆ. ನಮ್ಮಲ್ಲಿ ಅಕ್ಕಡಿ ಬೆಳೆ ಹಾಕುವ ಹಾಗೆಯೇ.

ಷ್ಪೆಟ್ಸ್ಲೆಗೆ ಐನೂರು ಗ್ರಾಂ ಮೈದಾ, ಐದು ಮೊಟ್ಟೆ, ಒಂದು ಚಮಚ ಉಪ್ಪು, ಸುಮಾರು ಇನ್ನೂರು ಮಿಲಿಲೀಟರ್ ನೀರು. ಇಲ್ಲಿನವರು 405 ಎಂಬ ಸಂಖ್ಯೆಯ ಹಿಟ್ಟನ್ನು ಅಥವಾ ಇದಕ್ಕೆಂದೇ ಮಾರುವ ತುಸು ತರಿಯಾದ ಹಿಟ್ಟನ್ನು ತೆಗೆದುಕೊಳ್ಳುತ್ತಾರೆ. ಆ ಸಂಖ್ಯೆ ನೂರು ಗ್ರಾಂ ಹಿಟ್ಟನ್ನು ಸುಟ್ಟರೆ ಉಳಿಯುವ ಬೂದಿಯ ಮಿಲಿಗ್ರಾಂ ಲೆಕ್ಕ, ಸಂಖ್ಯೆ ಚಿಕ್ಕದಾದಷ್ಟೂ ಹಿಟ್ಟು ಬಿಳಿ. ಮರದ ಸೌಟಿನಿಂದ ಬಡಿದು ಬಡಿದು, ಹಿಟ್ಟಿನಲ್ಲಿ ಗುಳ್ಳೆ ಏಳುವಂತೆ ಮಾಡಬೇಕು. ಸೌಟು ಎತ್ತಿದಾಗ ಅದು ದೋಸೆಹಿಟ್ಟಿನ ಹಾಗೆ ಹರಿಯಬಾರದು, ಚಪಾತಿ ಹಿಟ್ಟಿನ ಹಾಗೆ ಅಂಟಿಕೊಂಡು ನಿಲ್ಲಲೂಬಾರದು, ನಿಧಾನವಾಗಿ ಜೋತು ಹರಿದು ಬೀಳಬೇಕು. ಅರ್ಧ ಗಂಟೆ ಬಿಟ್ಟು, ಕುದಿಯುವ ಉಪ್ಪುನೀರಿಗೆ ಒತ್ತಿ. ಮೇಲೆ ತೇಲಿದ ಕೂಡಲೇ ಜಾಲರಿ ಸೌಟಿನಿಂದ ತೆಗೆದು ಬೆಣ್ಣೆಯಲ್ಲಿ ಹೊರಳಿಸಿ. ಪಕ್ಕದ ಮನೆಯ ಅಜ್ಜಿ ಹಲಗೆಯ ಮೇಲೆ ಹಿಟ್ಟನ್ನು ಸವರಿ ಚೂರಿಯಿಂದ ಎಳೆ ಎಳೆಯಾಗಿ ನೀರಿಗೆ ಕೆರೆಯುತ್ತಾರೆ. ನನಗೆ ಅದು ಇನ್ನೂ ಕೈಗೂಡಿಲ್ಲ. ನಿಮ್ಮ ಅತ್ತೆಯವರ ಒರಳಿನಲ್ಲಿ ಖಾರಾಸೇವೆಯ ಅಚ್ಚು ಇದ್ದರೆ ಅದೇ ಸಾಕು.

ಈಸರ್ ದಂಡೆ, ಮ್ಯೂನಿಕ್

ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ಒಗ್ಗರಣೆ ಖಂಡಿತ ಬೇಡ. ಆದರೆ ಈ ವಿಷಯದಲ್ಲಿ ಹೊಸದಾಗಿ ಬಂದವರು ತಿಳಿಯದೆ ಮಾಡುವ ಒಂದು ತಪ್ಪನ್ನು ಇಲ್ಲಿ ಹೇಳಿಬಿಡುತ್ತೇನೆ. ಇಲ್ಲಿನ ಅಂಗಡಿಯಲ್ಲಿ ಕ್ಯುಮ್ಮೆಲ್ ಎಂದು ಬರೆದ ಡಬ್ಬಿಯಲ್ಲಿರುವುದು ನಮ್ಮ ಜೀರಿಗೆಯಲ್ಲ. ನೋಡಲು ಹಾಗೆಯೇ ಕಂಡರೂ ಅದು ಕ್ಯಾರವೇ ಕಾಳು, ಅದರ ವಾಸನೆ ಸೋಂಪಿನ ಕಡೆಗೆ ವಾಲುತ್ತದೆ. ನಮ್ಮ ಜೀರಿಗೆ ಬೇಕಾದರೆ ಕ್ರೊಯ್ಟ್ಸ್‌ಕ್ಯುಮ್ಮೆಲ್ ಎಂಬ ಹೆಸರನ್ನು ಹುಡುಕಬೇಕು. ನಾನು ಬಂದ ಹೊಸದರಲ್ಲಿ ಕ್ಯುಮ್ಮೆಲ್ ಹಾಕಿ ಸಾರಿಗೆ ಒಗ್ಗರಣೆ ಕೊಟ್ಟು, ಆ ದಿನ ಯಾರಿಗೂ ಸಾರು ಬಡಿಸಲಾಗಲಿಲ್ಲ. ಹಾಗೆಯೇ ಇಲ್ಲಿನ ಬೇ ಎಲೆಯೂ ನಮ್ಮ ಪಲಾವ್ ಎಲೆಯೂ ಬೇರೆ ಬೇರೆ ಮರದವು. ನಮ್ಮದರಲ್ಲಿ ದಾಲ್ಚಿನ್ನಿಯ ಘಮ ಇರುವುದರಿಂದ ಬೆಂಗಳೂರಿನವರು ಕೋಸಿಗೆ ಅದನ್ನು ಹಾಕಿದರೆ ಅಡ್ಡಿಯಿಲ್ಲ, ಬೇಳೆಗೆ ಹಾಕಿದರೆ ರುಚಿ ದಾರಿ ತಪ್ಪುತ್ತದೆ.

ಇನ್ನು ಶರತ್ಕಾಲವೆಂದರೆ ಬವೇರಿಯಾದಲ್ಲಿ ಅಣಬೆ. ಹಳಸಿದ ಬ್ರೆಡ್ಡಿನ ಉಂಡೆಯಾದ ಜೆಮ್ಮೆಲ್‌ಕ್ನೋಡೆಲ್ ಮತ್ತು ಕೆನೆಯಲ್ಲಿ ಬೆಂದ ಅಣಬೆ, ಅದಕ್ಕೆ ಕೊನೆಯಲ್ಲಿ ನಾಲ್ಕು ಹನಿ ನಿಂಬೆರಸ. ನಾನಾದರೆ ಅತಿಥಿಗಳಿಗೆ ಬೇಳೆಗಿಂತ ಇದನ್ನೇ ಮಾಡುತ್ತಿದ್ದೆ. ಸಾಗರದವರಿಗೆ ಬೇಳೆ ಹೊಸದಲ್ಲ, ಮಳೆಗಾಲದ ಅಣಬೆಯ ರುಚಿ ಗೊತ್ತಿದ್ದವರಿಗೆ ಪ್ಫಿಫರ್‌ಲಿಂಗ್ ಎಂಬ ಹಳದಿ ಅಣಬೆಯ ಬೆಲೆ ತಿಳಿಯುತ್ತದೆ. ಆದರೆ ಅಣಬೆಯನ್ನು ಅಂಗಡಿಯಿಂದಲೇ ತನ್ನಿ. ಸ್ವಂತ ಬಳಕೆಗೆ ಸ್ವಲ್ಪ ಆರಿಸಿಕೊಳ್ಳಲು ಕಾನೂನು ಬಿಡುತ್ತದೆ, ಆದರೆ ಊರಿನ ಅಣಬೆಯ ಪರಿಚಯವನ್ನು ನಂಬಿ ಇಲ್ಲಿನ ಕಾಡಿನಲ್ಲಿ ಆರಿಸುವುದು ಪ್ರಾಣಕ್ಕೇ ಅಪಾಯ. ಇಲ್ಲಿನ ಮಾರಕ ಕ್ನೋಲನ್‌ಬ್ಲೆಟರ್ ಅಣಬೆಯನ್ನು ತಿನ್ನುವ ಅಣಬೆಯೆಂದು ಎಣಿಸಿ ತಿಂದು ಸತ್ತವರಿದ್ದಾರೆ. ಅಲ್ಲದೆ 1986ರ ಚೆರ್ನೋಬಿಲ್ ದುರಂತದಲ್ಲಿ ಮಳೆಯೊಡನೆ ಬಿದ್ದ ವಿಕಿರಣಶೀಲ ಸೀಸಿಯಂ ದಕ್ಷಿಣ ಬವೇರಿಯಾದ ಮತ್ತು ಬವೇರಿಯನ್ ಅರಣ್ಯದ ಮಣ್ಣಿನಲ್ಲಿ ಇನ್ನೂ ಇದೆ. ಅದರ ಅರ್ಧಾಯುಷ್ಯವೇ, ಅಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲವೇ, ಸುಮಾರು 30 ವರ್ಷ, ಕೆಲವು ಜಾತಿಯ ಕಾಡಣಬೆಗಳು ಅದನ್ನು ಹೀರಿಕೊಳ್ಳುತ್ತವೆ.

ಉತ್ತರದ ಬಯಲು, ಓಲ್ಡನ್‌ಬುರ್ಗ್

ಎಲ್ಲರ ಬರಹವನ್ನೂ ಗೌರವದಿಂದ ಓದಿದ್ದೇನೆ. ಆದರೂ ನನ್ನ ಭಿನ್ನಾಭಿಪ್ರಾಯವನ್ನು ಹೇಳುವುದು ಸರಿ ಎನಿಸುತ್ತದೆ. ಮಾಂಸವಿಲ್ಲದ ಜರ್ಮನ್ ಶರತ್ಕಾಲದ ಊಟವನ್ನು ತೋರಿಸಿ ಇದೇ ಇಲ್ಲಿನ ಊಟ ಎಂದರೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ನೆಕ್ಕರ್ ಕಣಿವೆಯವರು ಬರೆದ ಲಿನ್ಸೆನ್‌ನ ತಟ್ಟೆಯಲ್ಲಿ ಷ್ವಾಬಿಯಾದವರು ಒಂದು ಜೋಡಿ ಜೈಟನ್ ಸಾಸೇಜ್ ಇಡುತ್ತಾರೆ. ಅವರ ಕೆಂಪು ಕೋಸು ನವೆಂಬರ್ 11ರ ಸಂತ ಮಾರ್ಟಿನನ ಹಬ್ಬದಲ್ಲಿ ಹುರಿದ ಹೆಬ್ಬಾತಿನ ಪಕ್ಕದಲ್ಲಿ ಕೂರುತ್ತದೆ, ಅದನ್ನು ಬಾಡಿಸುವುದೂ ಹೆಬ್ಬಾತಿನ ಕೊಬ್ಬಿನಲ್ಲೇ. ನಮ್ಮ ಕಡೆ ಗ್ರ್ಯೂನ್‌ಕೋಲ್ ಎಂಬ ಸುರುಳಿ ಎಲೆಯ ಸೊಪ್ಪನ್ನು ಓಟ್ಸ್ ತರಿ ತುಂಬಿದ ಪಿಂಕೆಲ್ ಸಾಸೇಜಿನೊಡನೆ ಗಂಟೆಗಟ್ಟಲೆ ಬೇಯಿಸುತ್ತಾರೆ. ಚಳಿಗಾಲದಲ್ಲಿ ಗೆಳೆಯರು, ಸಹೋದ್ಯೋಗಿಗಳು ಕೈಗಾಡಿ ಎಳೆದುಕೊಂಡು ಬಯಲಿನಲ್ಲಿ ಕಿಲೋಮೀಟರುಗಟ್ಟಲೆ ನಡೆದು, ಕೊನೆಗೆ ಒಂದು ಹೋಟೆಲಿನಲ್ಲಿ ಕುಳಿತು ಅದನ್ನು ಉಣ್ಣುವ ಪದ್ಧತಿಯೇ ಇದೆ. ಆ ಮೇಜಿನಲ್ಲಿ ಮಾಂಸವನ್ನು ತೆಗೆದರೆ ಉಳಿಯುವುದೇನು?

ಸೊಪ್ಪಿನ ಬಗ್ಗೆ ಒಂದು ಮಾತು. ಇಲ್ಲಿನ ಹಿರಿಯರು ನೀರು ಹೆಪ್ಪುಗಟ್ಟುವಷ್ಟು ಚಳಿ ಮೊದಲ ಸಲ ಬರುವವರೆಗೆ ಗ್ರ್ಯೂನ್‌ಕೋಲ್ ಕೊಯ್ಯುವುದಿಲ್ಲ. ಚಳಿಗೆ ಗಿಡದ ಬೆಳವಣಿಗೆ ನಿಧಾನವಾಗಿ, ಎಲೆ ತಯಾರಿಸಿದ ಸಕ್ಕರೆ ಖರ್ಚಾಗದೆ ಎಲೆಯಲ್ಲೇ ಉಳಿಯುತ್ತದೆ, ಕಹಿ ತಗ್ಗುತ್ತದೆ. ಮೊದಲೇ ಕೊಯ್ದು ಫ್ರೀಜರಿನಲ್ಲಿಟ್ಟರೆ ಈ ಸಿಹಿ ಬರುವುದಿಲ್ಲ, ಗಿಡ ಜೀವಂತವಾಗಿ ಹೊಲದಲ್ಲೇ ನಿಂತಿರಬೇಕು.

ನೆಕ್ಕರ್ ಕಣಿವೆ, ಎಸ್ಲಿಂಗೆನ್

ಓಲ್ಡನ್‌ಬುರ್ಗ್‌ನವರು ಹೇಳಿದ್ದನ್ನು ಒಪ್ಪುತ್ತೇನೆ. ಸಾಸೇಜಿನ ಸಂಗತಿಯನ್ನು ನಾನು ಬರೆಯದೆ ಬಿಟ್ಟದ್ದು ಸರಿಯಾಗಲಿಲ್ಲ. ಅಪ್ಪ ಅಮ್ಮನಿಗೂ ಇದನ್ನು ಹೇಳಿಯೇ ಬಡಿಸುತ್ತೇನೆ. ಆದರೆ ಮಾಂಸವನ್ನು ತೆಗೆದರೆ ಏನು ಉಳಿಯುತ್ತದೆ ಎಂಬ ಪ್ರಶ್ನೆಗೆ ನನ್ನ ಉತ್ತರವಿದೆ. ಇಲ್ಲಿನವರು ಅಡುಗೆಯನ್ನು ಸಿಹಿ ಮತ್ತು ಹೆರ್ಟ್ಸ್‌ಹಾಫ್ಟ್ ಎಂದು ಎರಡಾಗಿ ಹೇಳುತ್ತಾರೆ. ಹೃದಯ ಎಂಬ ಪದದಿಂದ ಬಂದ ಆ ಮಾತು ಮಾಂಸವನ್ನೇ ಹೇಳುವುದಿಲ್ಲ. ಉಪ್ಪು, ಹುಳಿ, ಹುರಿದ ಘಮ ಕೂಡಿದ, ತಿಂದರೆ ಹೊಟ್ಟೆಗೆ ಭಾರವಾಗಿ ಕೂರುವ ಅಡುಗೆಗೆ ಆ ಹೆಸರು. ಹೆಚ್ಚಿನ ಮನೆಗಳಿಗೆ ಮಾಂಸವೆಂಬುದು ಭಾನುವಾರದ ಊಟವಾಗಿದ್ದ ಕಾಲದಲ್ಲಿ ಆಲ್ಬ್ ಬೆಟ್ಟದ ಜನರ ವಾರದ ದಿನಗಳನ್ನು ನಡೆಸಿದ್ದು ಬೇಳೆ, ಹಿಟ್ಟು, ಕೋಸುಗಳೇ. ಕಂದಾಗಿ ಹುರಿದ ಹಿಟ್ಟು, ಕಂದಾಗಿ ಹುರಿದ ಈರುಳ್ಳಿ, ಹದವರಿತು ಹಾಕಿದ ಹುಳಿ, ಈ ಮೂರೂ ಸರಿಯಿದ್ದರೆ ತಟ್ಟೆ ಬರಿದೆನಿಸುವುದಿಲ್ಲ. ಮಾಂಸದ ಬದಲು ಈರುಳ್ಳಿಯನ್ನು ನಲವತ್ತು ನಿಮಿಷ ತಾಳ್ಮೆಯಿಂದ ಹುರಿದು ಮೇಲೆ ಹರಡುತ್ತೇನೆ.

ಮ್ಯೂನಿಕ್‌ನವರ ಅಣಬೆಯ ಸಲಹೆ ಚೆನ್ನಾಗಿದೆ, ಆದರೆ ಜೆಮ್ಮೆಲ್‌ಕ್ನೋಡೆಲ್ ಉಂಡೆಯನ್ನು ಹಿಡಿದಿಡುವುದೂ ಮೊಟ್ಟೆಯೇ. ಅಮ್ಮನ ತಟ್ಟೆಯ ಪ್ರಶ್ನೆ ಹಾಗೆಯೇ ಉಳಿದಿದೆ. ಬೇಳೆ ಹೊಸದಲ್ಲ ಎಂಬ ಕಾರಣಕ್ಕೇ ನಾನು ಬೇಳೆಯನ್ನು ಆರಿಸಿದೆ. ಗೊತ್ತಿರುವ ಕಾಳು ಗೊತ್ತಿಲ್ಲದ ರುಚಿಗೆ ತಿರುಗಿದಾಗ ಉಣ್ಣುವವರಿಗೆ ಅದರ ಹೊಸತನ ಚೆನ್ನಾಗಿ ತಿಳಿಯುತ್ತದೆ ಎಂಬುದು ನನ್ನ ನಂಬಿಕೆ.

ಕಾಡಂಚಿನ ಮನೆ, ತ್ಯುರಿಂಗಿಯಾ

ನಿಮ್ಮ ಅಮ್ಮನವರ ತಟ್ಟೆಗೆ ನನ್ನ ಅತ್ತೆಯವರಿಂದ ಕಲಿತ ಒಂದು ಅಡುಗೆ ಇದೆ. ನಾನು ಹಾಸನದ ಹುಡುಗಿ, ಮದುವೆಯಾಗಿ ಈ ಕಡೆಗೆ ಬಂದವಳು. ತ್ಯುರಿಂಗಿಯಾದ ಕ್ಲೋಸೆ ಎಂಬ ಆಲೂಗಡ್ಡೆ ಉಂಡೆಗೆ ಮೊಟ್ಟೆಯೂ ಬೇಡ, ಹಾಲೂ ಬೇಡ, ಗೋಧಿ ಹಿಟ್ಟೂ ಬೇಡ. ಆಲೂಗಡ್ಡೆಯೇ ಆಲೂಗಡ್ಡೆಯನ್ನು ಹಿಡಿದಿಡುತ್ತದೆ.

ಅಂಗಡಿಯಲ್ಲಿ ಚೀಲದ ಮೇಲೆ ಮೇಲಿಶ್‌ಕೋಖೆಂಡ್ ಎಂದು ಬರೆದಿರುವ, ಬೆಂದರೆ ಹಿಟ್ಟಾಗುವ ಜಾತಿಯ ಎರಡು ಕಿಲೋ ಆಲೂಗಡ್ಡೆ ತನ್ನಿ. ಫೆಸ್ಟ್‌ಕೋಖೆಂಡ್ ಎಂದಿರುವುದು ಸಲಾಡಿಗೆ ಸರಿ, ಇದಕ್ಕೆ ಆಗುವುದಿಲ್ಲ. ಮೂರರಲ್ಲಿ ಎರಡು ಪಾಲನ್ನು ಹಸಿಯಾಗಿಯೇ ಸಣ್ಣ ತುರಿಮಣೆಯಲ್ಲಿ ತುರಿದು, ಬಟ್ಟೆಯಲ್ಲಿ ಕಟ್ಟಿ, ಕೈ ನೋಯುವವರೆಗೆ ಹಿಂಡಬೇಕು. ಅತ್ತೆಯವರು ಹಿಂಡಿದ ತುರಿಯನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟು ನೋಡುತ್ತಾರೆ, ಅದು ಒಣ ಕೊಬ್ಬರಿ ತುರಿಯ ಹಾಗೆ ಉದುರಬೇಕು. ಹಿಂಡಿದ ನೀರನ್ನು ಚೆಲ್ಲದೆ ಹತ್ತು ನಿಮಿಷ ಬಿಟ್ಟರೆ ತಳದಲ್ಲಿ ಬೆಳ್ಳನೆಯ ಪಿಷ್ಟ ಕೂರುತ್ತದೆ, ಮೇಲಿನ ನೀರನ್ನು ಬಸಿದು ಆ ಪಿಷ್ಟವನ್ನು ತುರಿಗೆ ಸೇರಿಸಬೇಕು. ಗೋಧಿ ಹಾಲು ತೆಗೆದು ಹಲ್ವ ಮಾಡಿದವರಿಗೆ ಈ ಕೆಲಸ ಹೊಸದಲ್ಲ.

ಉಳಿದ ಒಂದು ಪಾಲನ್ನು ಉಪ್ಪುನೀರಿನಲ್ಲಿ ಬೇಯಿಸಿ, ಆ ನೀರಿನೊಡನೆಯೇ ತೆಳ್ಳಗೆ ಮಸೆದು, ಗಂಜಿಯ ಹದಕ್ಕೆ ತಂದು, ಮತ್ತೆ ಕುದಿಸಿ, ಕುದಿಯುತ್ತಿರುವಾಗಲೇ ಹಸಿ ತುರಿಯ ಮೇಲೆ ಸುರಿದು ಸೌಟಿನಿಂದ ಬಿರುಸಾಗಿ ಬಡಿಯಬೇಕು. ಇಲ್ಲಿ ತಡಮಾಡಿದರೆ ಉಂಡೆ ನಿಲ್ಲುವುದಿಲ್ಲ. ಆ ಬಿಸಿಗೇ ಹಸಿ ಪಿಷ್ಟ ಅರೆಬೆಂದು ಅಂಟಾಗುತ್ತದೆ. ಕಡುಬಿಗೆ ಹಿಟ್ಟನ್ನು ಕುದಿನೀರಿನಲ್ಲಿ ಉಕ್ಕರಿಸುತ್ತೇವಲ್ಲ, ಕಾರಣ ಅದೇ. ಕೈ ಒದ್ದೆ ಮಾಡಿಕೊಂಡು ಕಿತ್ತಳೆ ಗಾತ್ರದ ಉಂಡೆ ಕಟ್ಟಿ, ನಡುವೆ ಬೆಣ್ಣೆಯಲ್ಲಿ ಹುರಿದ ನಾಲ್ಕು ಬ್ರೆಡ್ ತುಂಡು ಇಡಿ. ನೀರು ಕೊತಕೊತ ಕುದಿಯಬಾರದು, ನಸುವಾಗಿ ಅಲುಗುತ್ತಿರಬೇಕು. ಇಪ್ಪತ್ತು ನಿಮಿಷದಲ್ಲಿ ಉಂಡೆಗಳು ಮೇಲೆ ಬಂದು ತೇಲುತ್ತವೆ. ಮೊದಲು ಒಂದೇ ಉಂಡೆ ಬಿಟ್ಟು ನೋಡಿ, ಅದು ಒಡೆದರೆ ಉಳಿದದ್ದಕ್ಕೆ ಇನ್ನೊಂದು ಚಮಚ ಪಿಷ್ಟ ಸೇರಿಸಬಹುದು.

ಷ್ವಾಬಿಯಾದ ಬೇಳೆಯ ಜೊತೆ ತ್ಯುರಿಂಗಿಯಾದ ಉಂಡೆ ಇಡುವುದನ್ನು ಎರಡು ಸೀಮೆಯವರೂ ಒಪ್ಪಲಿಕ್ಕಿಲ್ಲ. ಆದರೆ ಕೆಂಪು ಕೋಸಿನ ಜೊತೆ ಕ್ಲೋಸೆ ಇಲ್ಲಿನ ಪ್ರತಿ ಮನೆಯ ಭಾನುವಾರದ ಜೋಡಿ. ಆದ್ದರಿಂದ ಅಮ್ಮನವರ ತಟ್ಟೆಯಲ್ಲಿ ತಪ್ಪೇನೂ ಆಗುವುದಿಲ್ಲ.

ಬಸವನಗುಡಿ ಮನೆ, ಬೆಂಗಳೂರು

ನಿನ್ನೆ ರಾತ್ರಿ ಮೂರನ್ನೂ ಮಾಡಿದೆ, ಇಲ್ಲಿನವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ. ಇಡಿ ಚನ್ನಂಗಿ ಮೂವತ್ತೈದು ನಿಮಿಷ ತೆಗೆದುಕೊಂಡಿತು. ಬಿಳಿ ಸಿಂಥೆಟಿಕ್ ವಿನೆಗರ್ ಗಂಟಲಿಗೆ ಹತ್ತುವಷ್ಟು ಖಾರವಾಗಿತ್ತು, ಅದನ್ನು ಬಿಟ್ಟು ಸೇಬಿನ ವಿನೆಗರ್ ಹಾಕಿದ ಮೇಲೆ ಮಗ ಸರಿ ಎಂದ. ಇಲ್ಲಿನ ಸೇಬು ಬರೀ ಸಿಹಿಯಾದ್ದರಿಂದ ಹಸಿರು ಸೇಬನ್ನು ಹುಡುಕಿ ತರಬೇಕಾಯಿತು. ಜುನಿಪರ್ ಸಿಗಲಿಲ್ಲ, ಹಾಕಲಿಲ್ಲ. ಸೆಲೆರಿ ಗೆಡ್ಡೆಯ ಬದಲು ಸೆಲೆರಿ ದಂಟು ಹಾಕಿದೆ. ಒರಳಿನಲ್ಲಿ ಷ್ಪೆಟ್ಸ್ಲೆ ಚೆನ್ನಾಗಿಯೇ ಬಂದಿತು. ಆದರೆ ಆವಿ ಹೊಡೆದು ಅಚ್ಚಿನ ತೂತಿನಲ್ಲೇ ಹಿಟ್ಟು ಬೇಯುತ್ತಿತ್ತು, ಎರಡು ಸಲ ಒತ್ತಿದ ಮೇಲೆ ಅಚ್ಚನ್ನು ತಣ್ಣೀರಿಗೆ ಅದ್ದಿಕೊಳ್ಳುವುದು ಒಳ್ಳೆಯದು. ಮಗ ಮಾತಾಡದೆ ಎರಡು ಸಲ ಬಡಿಸಿಕೊಂಡ.

ಹಣ್ಣಿನ ಕೇಕಿನ ಬಗ್ಗೆ ಯಾರೂ ಬರೆದಿಲ್ಲ. ಅದಕ್ಕೂ ಮೊಟ್ಟೆ ಬೇಕೇ?

ನೆಕ್ಕರ್ ಕಣಿವೆ, ಎಸ್ಲಿಂಗೆನ್

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮೊದಲು ಕೇಕಿನ ವಿಷಯ. ಈಸ್ಟ್ ಹಾಕಿ ಹುದುಗಿಸಿದ ಹಿಟ್ಟಿಗೆ ಮೊಟ್ಟೆ ಬೇಕಿಲ್ಲ. ಐನೂರು ಗ್ರಾಂ ಮೈದಾ, ಕಾಲು ಲೀಟರ್ ಬೆಚ್ಚಗಿನ ಹಾಲು, ಎಂಬತ್ತು ಗ್ರಾಂ ಬೆಣ್ಣೆ, ಅಷ್ಟೇ ಸಕ್ಕರೆ, ಅರ್ಧ ಗಟ್ಟಿ ಅಂದರೆ ಇಪ್ಪತ್ತು ಗ್ರಾಂ ಹಸಿ ಈಸ್ಟ್. ಉಬ್ಬಿದ ಹಿಟ್ಟನ್ನು ತಗಡಿನ ಮೇಲೆ ಹರಡಿ, ಬೀಜ ತೆಗೆದು ಸೀಳಿದ ಹಣ್ಣನ್ನು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಒತ್ತೊತ್ತಾಗಿ ನಿಲ್ಲಿಸಿ, 190 ಡಿಗ್ರಿಯಲ್ಲಿ ಸುಮಾರು ನಲವತ್ತು ನಿಮಿಷ ಬೇಯಿಸುತ್ತೇನೆ. ಸಕ್ಕರೆಯನ್ನು ಹಣ್ಣಿನ ಮೇಲೆ ಮೊದಲೇ ಉದುರಿಸಬಾರದು, ರಸ ಬಿಟ್ಟು ಹಿಟ್ಟು ತೋಯುತ್ತದೆ. ಒಲೆಯಿಂದ ತೆಗೆದ ಮೇಲೆ ಉದುರಿಸಬೇಕು.

ಆ ಭಾನುವಾರ ಹನ್ನೊಂದು ಗಂಟೆಗೇ ಅಮ್ಮ ಅಡುಗೆಮನೆಗೆ ಬಂದು ನಿಂತರು. ತ್ಯುರಿಂಗಿಯಾದ ಅಕ್ಕ, ನಿಮ್ಮ ಉಂಡೆಗೆ ಆಲೂಗಡ್ಡೆ ಹಿಂಡಿದ್ದು ನಾನಲ್ಲ, ಅಮ್ಮ. ನಾನು ಹಿಂಡಿಟ್ಟಿದ್ದನ್ನು ಮುಟ್ಟಿ ನೋಡಿ, ಇನ್ನೂ ನೀರಿದೆ ಎಂದು ಬಟ್ಟೆಯನ್ನು ತೆಗೆದುಕೊಂಡು ಮತ್ತೊಂದು ಲೋಟ ನೀರು ಇಳಿಸಿದರು. ಮೊದಲ ಉಂಡೆ ಒಡೆಯಿತು, ಪಿಷ್ಟ ಸೇರಿಸಿದ ಮೇಲೆ ಉಳಿದ ಎಂಟೂ ನಿಂತವು. ಬೇಳೆಗೆ ಕೊನೆಯಲ್ಲಿ ವಿನೆಗರ್ ಹಾಕುವಾಗ ಅಮ್ಮ ಏನೂ ಕೇಳಲಿಲ್ಲ, ಅದು ಅವರಿಗೆ ಸಹಜವಾಗಿ ಕಂಡಿತು. ಕೋಸಿಗೆ ಮೊದಲೇ ಹಾಕಿದ್ದನ್ನು ನೋಡಿ ಮಾತ್ರ ಕೈ ಹಿಡಿದರು. ಕಾರಣ ಹೇಳುವ ಬದಲು ಅಜ್ಜಿ ನನಗೆ ತೋರಿಸಿದ ಹಾಗೆಯೇ ಒಂದು ಹಿಡಿ ಕೋಸನ್ನು ಬಟ್ಟಲಿನಲ್ಲಿ ಹಿಸುಕಿ ತೋರಿಸಿದೆ. ಬಣ್ಣ ತಿರುಗಿದ್ದನ್ನು ನೋಡಿ ಅಮ್ಮ ಹೇಳಿದ್ದು: “ದಾಸವಾಳದ ಶರಬತ್ತಿಗೆ ನಿಂಬೆಹಣ್ಣು ಹಿಂಡಿದ ಹಾಗೇ ಆಯಿತಲ್ಲೇ.” ಹನ್ನೊಂದು ವರ್ಷದಲ್ಲಿ ಇದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಒಗ್ಗರಣೆ ಹಾಕಲಿಲ್ಲ. ಮೇಜಿನ ಮೇಲೆ ಉಪ್ಪಿನಕಾಯಿಯ ಬಾಟಲಿ ಇಟ್ಟಿದ್ದೆ, ಅಪ್ಪ ಅದನ್ನು ತೆರೆಯಲಿಲ್ಲ. ವಿನೆಗರ್ ಬಾಟಲಿಯನ್ನು ಮಾತ್ರ ಎರಡು ಸಲ ಕೇಳಿ ಪಡೆದು ಬೇಳೆಯ ಮೇಲೆ ಸುರಿದುಕೊಂಡರು. ಅಮ್ಮನಿಗೆ ಉಂಡೆಗಿಂತ ಕೋಸು ಹಿಡಿಸಿತು. ಉಳಿದದ್ದನ್ನು ಮರುದಿನ ಬೆಳಿಗ್ಗೆ ಬಿಸಿ ಮಾಡಿ ಅಕ್ಕಿರೊಟ್ಟಿಯ ಜೊತೆ ಬಡಿಸಿಕೊಂಡರು. ಮರುದಿನದ ಕೋಸಿನಲ್ಲಿ ಲವಂಗ, ಸೇಬು, ಹುಳಿ ಎಲ್ಲವೂ ಒಂದಾಗಿ ಮೊದಲ ದಿನಕ್ಕಿಂತ ರುಚಿ ಹೆಚ್ಚುತ್ತದೆ. ಆದ್ದರಿಂದ ಮಾಡುವವರು ಒಂದು ದಿನ ಮೊದಲೇ ಮಾಡಿಟ್ಟುಕೊಳ್ಳಿ. ಸಾಗರದಲ್ಲಿ ಮಾಡಲೆಂದು ಅಮ್ಮ ಒಂದು ಪೊಟ್ಟಣ ಜುನಿಪರ್ ಕಾಯಿಯನ್ನು ಈಗಾಗಲೇ ಪೆಟ್ಟಿಗೆಯಲ್ಲಿ ಸೀರೆಯ ನಡುವೆ ಇಟ್ಟುಕೊಂಡಿದ್ದಾರೆ.